ಗೋಬಿಯ ಕೆಂಪು ಯಾವ ಕೆಂಪು? ಕ್ರೊಮ್ಯಾಟೋಗ್ರಫಿಗೆ ಅವಕೆಂಪು ರೋಹಿತ ಜೊತೆಯಾದಾಗ

ಲಗ್ಗೆರೆ ಬ್ರಿಡ್ಜ್ ದಾಟಿ ಒಳಗೆ ಬಂದರೆ ನಮ್ಮ ಪಿಜಿ ಇರುವ ರಸ್ತೆ. ಅದರ ಮೂಲೆಯಲ್ಲಿ ಸಂಜೆ ಆರರ ಮೇಲೆ ಒಂದು ಗೋಬಿ ಗಾಡಿ ನಿಲ್ಲುತ್ತೆ. ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬರೋರು, ಟ್ಯೂಷನ್ ಮಕ್ಕಳು, ಪಿಜಿ ಸಾರಿಗೆ ಬೇಸತ್ತ ನಮ್ಮಂಥವರು, ಎಲ್ಲರದ್ದೂ ಅಲ್ಲೇ ಠಿಕಾಣಿ. 2024ರ ಮಾರ್ಚ್‌ನಲ್ಲಿ ಒಂದಿನ ಹೋದರೆ ಪ್ಲೇಟಿನಲ್ಲಿ ಬಂದ ಗೋಬಿ ಪೇಲವವಾಗಿತ್ತು.

"ಅಣ್ಣಾ, ಯಾಕಣ್ಣಾ ಇಷ್ಟು ಬೆಳ್ಳಗಿದೆ?"

"ಕಲರ್ ಬ್ಯಾನ್ ಆಯ್ತಲ್ಲ ಗುರು. ಪೇಪರ್ ನೋಡ್ಲಿಲ್ವಾ?"

ನೋಡಿದ್ದೆ. ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯದಲ್ಲಿ ನಿಷೇಧಿಸಿದ್ದರು. ಪರೀಕ್ಷೆಗೆ ತೆಗೆದುಕೊಂಡ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ. ಕಾಟನ್ ಕ್ಯಾಂಡಿಯ 25ರಲ್ಲಿ 15. ಸಿಕ್ಕ ಬಣ್ಣಗಳ ಪಟ್ಟಿಯಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್, ಮತ್ತು ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿದ ರೋಡಮೈನ್-ಬಿ. ಅದಕ್ಕೂ ಮುಂಚೆ ಫೆಬ್ರವರಿಯಲ್ಲಿ ಪುದುಚೇರಿ ಮತ್ತು ತಮಿಳುನಾಡಿನಲ್ಲಿ ಕಾಟನ್ ಕ್ಯಾಂಡಿ ನಿಂತಿದ್ದೂ ಈ ರೋಡಮೈನ್-ಬಿಯಿಂದಲೇ.

ಗಾಡಿಯ ಅಣ್ಣ ಮಾತು ಮುಂದುವರಿಸಿದರು. "ನಾನ್ ಹಾಕ್ತಿದ್ದಿದ್ದು ಅದೇನಾ ಅಲ್ವಾ ಅಂತ ನಂಗೇ ಗೊತ್ತಿಲ್ಲ. ಅಂಗಡೀಲಿ ಕೆಂಪು ಕೊಡಿ ಅಂದ್ರೆ ಕೊಡೋರು. ನನ್ ಮಗೂಗೂ ಇದನ್ನೇ ತಿನ್ಸಿದೀನಿ." ಗಾಡಿಯ ಕೆಳಗಿನ ಡಬ್ಬದಿಂದ ಅರ್ಧ ಖಾಲಿಯಾದ ಒಂದು ಪೊಟ್ಟಣ ತೆಗೆದು ಕೈಗಿಟ್ಟರು. "ನೀವು ಇಂಜಿನಿಯರಿಂಗ್ ಓದೋರಲ್ವಾ, ನೋಡಿ ಹೇಳಿ."

ಪೊಟ್ಟಣದ ಮೇಲೆ ಒಂದು ಹೂವಿನ ಚಿತ್ರ ಬಿಟ್ಟರೆ ಓದುವಂಥದ್ದು ಏನೂ ಇರಲಿಲ್ಲ. ನಮಗೂ ಮಿನಿ ಪ್ರಾಜೆಕ್ಟಿಗೆ ವಿಷಯ ಸಿಕ್ಕಿರಲಿಲ್ಲ. ಒಂದು ಅಪರಿಚಿತ ಪುಡಿಯ ಒಳಗೆ ಏನಿದೆ ಅಂತ ಕಂಡುಹಿಡಿಯೋದು ಹೇಗೆ ಎನ್ನುವ ಈ ಪಾಠ ಹುಟ್ಟಿದ್ದು ಹೀಗೆ.

ಮೊದಲ ಪೆಟ್ಟು: ಸಕ್ಕರೆ

ನಮ್ಮ ವಿಭಾಗದಲ್ಲಿ ಎಫ್‌ಟಿಐಆರ್ ಇದೆ. ಅದರ ಮೇಲೆ ಪುಟ್ಟ ವಜ್ರದ ಹರಳಿರುವ ಎಟಿಆರ್ ಜೋಡಣೆ. ಹರಳಿನ ಮೇಲೆ ಚಿಟಿಕೆ ಪುಡಿ ಇಟ್ಟು ಒತ್ತಿದರೆ ಒಂದೇ ನಿಮಿಷದಲ್ಲಿ ರೋಹಿತ, ಅಂದರೆ ಸ್ಪೆಕ್ಟ್ರಂ, ಪರದೆ ಮೇಲೆ. ಇಷ್ಟು ಸುಲಭ ಇರುವಾಗ ಯೋಚನೆ ಏಕೆ ಅಂತ ಪೊಟ್ಟಣದ ಪುಡಿಯನ್ನು ನೇರವಾಗಿ ಇಟ್ಟೆವು. ಲೈಬ್ರರಿ ಸರ್ಚ್ ಒತ್ತಿದೆವು. ಉತ್ತರ ಬಂತು: ಡೆಕ್ಸ್ಟ್ರೋಸ್!

ಸುಳ್ಳಲ್ಲ. ಮಾರುಕಟ್ಟೆಯ ಬಣ್ಣದ ಪುಡಿಗಳಲ್ಲಿ ಅಸಲಿ ಬಣ್ಣ ಇರುವುದು ಸ್ವಲ್ಪವೇ. ಉಳಿದಿದ್ದು ತೂಕ ತುಂಬಿಸುವ ಸಕ್ಕರೆಯೋ ಉಪ್ಪೋ. ಕಣ್ಣಿಗೆ ಕಡುಕೆಂಪು ಕಾಣುವ ಪುಡಿ ಅವಕೆಂಪು ಬೆಳಕಿಗೆ ಬರೀ ಸಕ್ಕರೆಯಾಗಿ ಕಂಡಿತು. ಏಕೆಂದರೆ ಅವಕೆಂಪಿಗೆ ಬಣ್ಣದ ಹಂಗಿಲ್ಲ. ಅಲ್ಲಿ ಯಾವ ಬಂಧಗಳು ಹೆಚ್ಚಿವೆಯೋ ಅವುಗಳ ಸದ್ದೇ ಜೋರು. (ಪುಡಿಯಲ್ಲಿ ಡೆಕ್ಸ್ಟ್ರೋಸ್ ಬದಲು ಬರೀ ಅಡುಗೆ ಉಪ್ಪು ಇದ್ದಿದ್ದರೆ ನಮ್ಮ ಅದೃಷ್ಟ ಖುಲಾಯಿಸುತ್ತಿತ್ತು. ಸೋಡಿಯಂ ಕ್ಲೋರೈಡ್ ಈ ವಲಯದಲ್ಲಿ ಪಾರದರ್ಶಕ. ಅದಕ್ಕೇ ಹಳೆಯ ಐಆರ್ ಯಂತ್ರಗಳ ಕಿಟಕಿಗಳನ್ನು ಉಪ್ಪಿನ ಹರಳಿನಿಂದಲೇ ಮಾಡುತ್ತಿದ್ದರು.)

ಇಲ್ಲಿ ಒಂದು ಮಾತು ಮೆಕ್ಯಾನಿಕಲ್‌ನವರಿಗೆ. ಅಣುವಿನಲ್ಲಿರುವ ಪ್ರತಿ ಬಂಧವೂ ಒಂದು ಸ್ಪ್ರಿಂಗ್, ಎರಡು ತುದಿಯಲ್ಲಿ ಎರಡು ಪರಮಾಣು. ಸ್ಪ್ರಿಂಗ್ ಗಟ್ಟಿಯಾದಷ್ಟೂ, ತುದಿಯ ತೂಕ ಕಮ್ಮಿಯಾದಷ್ಟೂ ಕಂಪನದ ಆವರ್ತನ ಹೆಚ್ಚು. ಮೊದಲ ಸೆಮಿಸ್ಟರಿನಲ್ಲಿ ಬರೆದ ಅದೇ ವರ್ಗಮೂಲದ ಸೂತ್ರ. ಐಆರ್‌ನಲ್ಲಿ ಈ ಆವರ್ತನವನ್ನು ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಅನ್ನುವ ಲೆಕ್ಕದಲ್ಲಿ ಹೇಳುತ್ತಾರೆ. ಕೆಳಗೆ ನಾನು ಬರೆಯುವ ಅಲೆಸಂಖ್ಯೆಗಳೆಲ್ಲ ಅವೇ. ಹೈಡ್ರೋಜನ್ ಹಗುರ, ಹಾಗಾಗಿ ಆಕ್ಸಿಜನ್-ಹೈಡ್ರೋಜನ್ ಬಂಧ 3400ರ ಆಸುಪಾಸು. ಕಾರ್ಬನ್-ಆಕ್ಸಿಜನ್ ಜೋಡಿಬಂಧ 1700ರ ಹತ್ತಿರ. ಅದೇ ಎರಡು ಪರಮಾಣುಗಳ ಒಂಟಿಬಂಧ ಸಡಿಲ, ಅದು 1000ದಿಂದ 1200ಕ್ಕೆ ಇಳಿಯುತ್ತೆ. ಸಕ್ಕರೆಯಲ್ಲಿ ಒಂಟಿಬಂಧಗಳ ದಂಡೇ ಇರುವುದರಿಂದ 1000-1100ರಲ್ಲಿ ದೊಡ್ಡ ಗುಡ್ಡ ಎದ್ದಿತ್ತು. ನಮಗೆ ಬೇಕಾದ ಬಣ್ಣದ ಗೆರೆಗಳೆಲ್ಲ ಅದರಡಿ ಸಮಾಧಿ.

ಅಂದರೆ ಐಆರ್ ಒಳ್ಳೆಯ ಗುರುತು ಹಿಡಿಯುವ ಸಾಕ್ಷಿ, ಆದರೆ ಜಾತ್ರೆಯಲ್ಲಿ ಕೇಳಬಾರದು. ಒಬ್ಬೊಬ್ಬರನ್ನೇ ಮುಂದೆ ನಿಲ್ಲಿಸಬೇಕು. ಆ ಕೆಲಸ ಕ್ರೊಮ್ಯಾಟೋಗ್ರಫಿಯದ್ದು.

ಎಂಟನೇ ಕ್ರಾಸ್‌ನಲ್ಲಿ ಓಟ

ಗೌರಿ ಹಬ್ಬದ ಹಿಂದಿನ ದಿನ ಮಲ್ಲೇಶ್ವರದ ಎಂಟನೇ ಕ್ರಾಸ್‌ನ ಒಂದು ತುದಿಯಿಂದ ನಿಮ್ಮ ಮನೆಯವರೆಲ್ಲ ಒಟ್ಟಿಗೆ ನಡೆಯಲು ಶುರು ಮಾಡಿದರು ಅಂದುಕೊಳ್ಳಿ. ಅಪ್ಪ ಯಾವ ಅಂಗಡಿಗೂ ತಲೆ ಹಾಕದೆ ಆ ತುದಿ ಸೇರಿಬಿಡುತ್ತಾರೆ. ತಂಗಿ ಬಳೆ ಅಂಗಡಿಗಳಲ್ಲಿ ಮಾತ್ರ ನಿಲ್ಲುತ್ತಾಳೆ. ಅಮ್ಮ ಹೂವು, ಬಾಳೆಕಂದು, ರವಿಕೆ ಕಣ ಅಂತ ಪ್ರತಿ ಅಂಗಡಿಯಲ್ಲೂ ಚೌಕಾಶಿ ಮಾಡಿ ಕೊನೆಗೆ ಬರುತ್ತಾರೆ. ಹೊರಟಿದ್ದು ಒಟ್ಟಿಗೆ, ಮುಟ್ಟಿದ್ದು ಬೇರೆ ಬೇರೆ ಹೊತ್ತಿಗೆ.

ಎಚ್‌ಪಿಎಲ್‌ಸಿಯಲ್ಲಿ ರಸ್ತೆ ಅಂದರೆ ಒಂದು ಸ್ಟೀಲ್ ಕೊಳವೆ. ನಮ್ಮದು 15 ಸೆಂ.ಮೀ. ಉದ್ದ, 4.6 ಮಿ.ಮೀ. ಒಳವ್ಯಾಸ. ಅದರೊಳಗೆ 5 ಮೈಕ್ರೋಮೀಟರಿನ ಸಿಲಿಕಾ ಗುಂಡುಗಳು, ಅವುಗಳ ಮೈಗೆ 18 ಕಾರ್ಬನ್‌ಗಳ ಬಾಲ ಅಂಟಿಸಿರುತ್ತಾರೆ. ಎಣ್ಣೆಯ ಸ್ವಭಾವದ ಈ ಬಾಲಗಳೇ ಅಂಗಡಿಗಳು. ಪಂಪು ನೀರು ಮತ್ತು ಅಸಿಟೋನೈಟ್ರೈಲ್‌ನ ಮಿಶ್ರಣವನ್ನು ನಿಮಿಷಕ್ಕೆ 1 ಮಿ.ಲೀ.ನಂತೆ ತಳ್ಳುತ್ತೆ. ನೀರನ್ನು ಪ್ರೀತಿಸುವ ಅಣು ಎಲ್ಲೂ ನಿಲ್ಲದೆ ಹೊರಬರುತ್ತೆ, ಎಣ್ಣೆಯನ್ನು ಪ್ರೀತಿಸುವುದು ತಡ ಮಾಡುತ್ತೆ. ಡೆಕ್ಸ್ಟ್ರೋಸ್ ನಮ್ಮ ಕಥೆಯ ಅಪ್ಪ: ಒಂದೂವರೆ ನಿಮಿಷಕ್ಕೆಲ್ಲ ಆಚೆ. ಬಣ್ಣಗಳಲ್ಲಿ ಟಾರ್ಟ್ರಜೀನ್ ಮೊದಲು, ಆಮೇಲೆ ಸನ್‌ಸೆಟ್ ಯೆಲ್ಲೋ, ಆಮೇಲೆ ಕಾರ್ಮೊಯಿಸಿನ್. ರೋಡಮೈನ್-ಬಿ ಎಲ್ಲರಿಗಿಂತ ಕೊನೆಗೆ.

ನಮ್ಮ ಪುಡಿಯನ್ನು ಕರಗಿಸಿ ಬಿಟ್ಟಾಗ ಎರಡು ಬಣ್ಣದ ಶಿಖರಗಳು ಬಂದವು. ಮೊದಲನೆಯದು ಕಿತ್ತಳೆ, ಎರಡನೆಯದು ಕೆಂಪು, ಅದೇ ದೊಡ್ಡದು. ಸರಿ, ಬಿಡಿಸಿಯಾಯಿತು. ಆದರೆ ಯಾರು ಇವರು? ಯುವಿ-ವಿಸಿಬಲ್ ಡಿಟೆಕ್ಟರ್ ಹೇಳುವುದು "ಇಷ್ಟನೇ ನಿಮಿಷಕ್ಕೆ ಏನೋ ಒಂದು ಬಂತು, ಅದು ಹಸಿರು ಬೆಳಕನ್ನು ಹೀರುತ್ತೆ" ಅಂತ ಮಾತ್ರ. ಕೆಂಪಾಗಿರುವುದೆಲ್ಲ ಹಸಿರನ್ನು ಹೀರಲೇಬೇಕು, ಅದರಲ್ಲಿ ಹೊಸದೇನಿದೆ. ಹೊತ್ತು ನೋಡಿ ಹೆಸರು ಹೇಳುವುದೂ ಅಪಾಯ. ಒಂಬತ್ತು ಗಂಟೆಗೆ ಗೇಟಿನ ಹತ್ತಿರ ಬರುವವರೆಲ್ಲ ಹಾಲಿನವನೇ ಆಗಿರಬೇಕಿಲ್ಲ.

ಎಲ್‌ಸಿ ಬಿಡಿಸುತ್ತೆ, ಹೆಸರು ಹೇಳಲ್ಲ. ಐಆರ್ ಹೆಸರು ಹೇಳುತ್ತೆ, ಬಿಡಿಸಲ್ಲ. ಇಬ್ಬರನ್ನೂ ಜೊತೆಗೆ ಕೂರಿಸಿದರೆ ಆಯಿತಲ್ಲ ಅಂತ ಯಾರಿಗಾದರೂ ಅನಿಸಬೇಕು. ಅನಿಸಿದವರು ದಶಕಗಟ್ಟಲೆ ಒದ್ದಾಡಿದ್ದಾರೆ. ಯಾಕೆ ಅನ್ನುವುದೇ ಈ ಪಾಠದ ತಿರುಳು, ಹಾಗಾಗಿ ಪೆನ್ನು ಹಿಡಿದು ಲೆಕ್ಕ ಮಾಡೋಣ.

ನೀರು ಎಂಬ ಶತ್ರು

ಸುಲಭದ ದಾರಿ ಅಂದರೆ ಎಲ್‌ಸಿಯಿಂದ ಬರುವ ದ್ರವವನ್ನು ನೇರವಾಗಿ ಒಂದು ತೆಳು ಕೋಶದ ಮೂಲಕ ಹರಿಸಿ, ಅದರಡ್ಡಲಾಗಿ ಅವಕೆಂಪು ಬೆಳಕು ಹಾಯಿಸುವುದು. ಇದಕ್ಕೆ ಹರಿಗೋಶ ಅಂತ ಹೆಸರಿಡೋಣ (ಕ್ಲಬ್ಬಿನ ಪದಕೋಶ ತಂಡದವರು ಬೇಕಿದ್ದರೆ ತಿದ್ದಲಿ).

100 ಪಿಪಿಎಂ ದ್ರಾವಣವನ್ನು 10 ಮೈಕ್ರೋಲೀಟರ್ ಚುಚ್ಚಿದೆವು ಅಂದುಕೊಳ್ಳಿ. ಒಳಗೆ ಹೋದ ಬಣ್ಣ 1 ಮೈಕ್ರೋಗ್ರಾಂ. ಶಿಖರದ ಅಗಲ 20 ಸೆಕೆಂಡ್ ಇದ್ದರೆ, ನಿಮಿಷಕ್ಕೆ 1 ಮಿ.ಲೀ. ಹರಿವಿನಲ್ಲಿ ಅದು 0.33 ಮಿ.ಲೀ.ನಲ್ಲಿ ಹರಡಿಕೊಂಡಿರುತ್ತೆ. ಅಂದರೆ ಮಿ.ಲೀ.ಗೆ ಸುಮಾರು 3 ಮೈಕ್ರೋಗ್ರಾಂ. ರೋಡಮೈನ್-ಬಿಯ ಅಣುತೂಕ 479. ಭಾಗಿಸಿದರೆ ಲೀಟರಿಗೆ 6.3 ಮೈಕ್ರೋಮೋಲ್. ನೀರು ಲೀಟರಿಗೆ 55.5 ಮೋಲ್. ಹರಿಯುವುದೆಲ್ಲ ನೀರೇ ಆಗಿದ್ದರೆ ಒಂದೊಂದು ಬಣ್ಣದ ಅಣುವಿನ ಸುತ್ತ ಹೆಚ್ಚುಕಮ್ಮಿ 90 ಲಕ್ಷ ನೀರಿನ ಅಣುಗಳು. ಒಂದು ಮಹಾನಗರದ ಜನಸಂಖ್ಯೆಯಷ್ಟು ನೀರು, ಅದರಲ್ಲಿ ಒಬ್ಬನನ್ನು ಹುಡುಕಬೇಕು.

ಆ ನೀರೂ ಸುಮ್ಮನೆ ಕೂರುವುದಿಲ್ಲ. ಅದು 3400ರಲ್ಲೂ 1640ರಲ್ಲೂ ಬೆಳಕನ್ನು ಗಬಗಬನೆ ಕುಡಿಯುತ್ತೆ. ಬರೀ 10 ಮೈಕ್ರೋಮೀಟರ್ ದಪ್ಪದ ನೀರಿನ ಪದರ, ಅಂದರೆ ನಿಮ್ಮ ಕೂದಲಿಗಿಂತ ತುಂಬಾ ತೆಳು, 1640ರಲ್ಲಿ ಸುಮಾರು 1.2ರಷ್ಟು ಹೀರುವಿಕೆ ತೋರಿಸುತ್ತೆ. ನೂರರಲ್ಲಿ ಆರು ಭಾಗ ಬೆಳಕು ಮಾತ್ರ ಆಚೆ ಬರುತ್ತೆ. ಹಾಗಾಗಿ ನೀರಿರುವಾಗ ಕೋಶವನ್ನು ದಪ್ಪ ಮಾಡುವಂತಿಲ್ಲ. ತೆಳು ಮಾಡಿದರೆ ಬಣ್ಣ ಕಾಣಲ್ಲ. ಬೀರ್-ಲ್ಯಾಂಬರ್ಟ್ ನಿಯಮ ಹಾಕಿ ನೋಡಿ: ಒಂದು ಸಾಕಷ್ಟು ಬಲವಾದ ಗೆರೆಗೆ ಮೋಲಾರ್ ಹೀರುವಿಕೆ 500 ಅಂತಿಟ್ಟುಕೊಂಡರೆ, 10 ಮೈಕ್ರೋಮೀಟರಿನಲ್ಲಿ ನಮ್ಮ ಬಣ್ಣದ ಪಾಲು 0.000003. ಒಳ್ಳೆ ಯಂತ್ರದ ಗದ್ದಲವೇ ಇದಕ್ಕಿಂತ ಹೆಚ್ಚಿರುತ್ತೆ. ಆಟ ಮುಗಿಯಿತು.

ಅಸಿಟೋನೈಟ್ರೈಲ್, ಮೆಥನಾಲ್ ಕೂಡ ತಮ್ಮ ತಮ್ಮ ಗೆರೆ ಬಿಡುತ್ತವೆ, ಮೊದಲನೆಯದು 2250ರಲ್ಲಿ, ಎರಡನೆಯದು 1030ರಲ್ಲಿ. ಸಾಲದ್ದಕ್ಕೆ ನೀರು-ಅಸಿಟೋನೈಟ್ರೈಲ್ ಪ್ರಮಾಣವನ್ನು ಓಟದ ನಡುವೆ ಬದಲಿಸುತ್ತಾ ಹೋದರೆ ಹಿನ್ನೆಲೆಯೇ ಕ್ಷಣಕ್ಷಣಕ್ಕೂ ಬದಲು, ಕಳೆಯುವುದಾದರೂ ಯಾವುದನ್ನು? ಉಪ್ಪಿನ ಕಿಟಕಿ ಹಾಕಿದ್ದರೆ ಅದು ಕರಗಿ ಡ್ರೈನ್‌ಗೆ ಹೋಗುತ್ತೆ. ಅದಕ್ಕೇ ಹರಿಗೋಶಗಳಿಗೆ ಕ್ಯಾಲ್ಸಿಯಂ ಫ್ಲೋರೈಡ್ ಅಥವಾ ಜಿಂಕ್ ಸೆಲೆನೈಡ್.

ಹರಿಗೋಶ ಪೂರ್ತಿ ದಂಡ ಅಂತಲ್ಲ. ಸಾರತೆ ಹೆಚ್ಚಿದ್ದು, ನೀರಿಲ್ಲದ ದ್ರಾವಕ ಇದ್ದರೆ ಚೆನ್ನಾಗಿಯೇ ದುಡಿಯುತ್ತೆ. ಪ್ಲಾಸ್ಟಿಕ್, ರಬ್ಬರಿನ ಕೆಲಸದಲ್ಲಿ ಪಾಲಿಮರ್‌ಗಳನ್ನು ಉದ್ದ-ಗಿಡ್ಡ ಸರಪಳಿಗಳಾಗಿ ಬಿಡಿಸಿ ಪ್ರತಿ ಉದ್ದಕ್ಕೂ ಐಆರ್ ತೆಗೆಯುತ್ತಾರೆ. ಎಥಿಲೀನ್-ವಿನೈಲ್ ಅಸಿಟೇಟ್‌ನಲ್ಲಿ 1740ರ ಗೆರೆ ನೋಡಿದರೆ ಉದ್ದ ಸರಪಳಿಯಲ್ಲೂ ಗಿಡ್ಡ ಸರಪಳಿಯಲ್ಲೂ ಅಸಿಟೇಟ್ ಸಮನಾಗಿದೆಯಾ ಅಂತ ಗೊತ್ತಾಗಿಬಿಡುತ್ತೆ. ಪೀಣ್ಯದಲ್ಲಿ ಇಂಟರ್ನ್‌ಶಿಪ್ ಸಿಕ್ಕವರು ಇದನ್ನು ನೆನಪಿಟ್ಟುಕೊಳ್ಳಿ.

ಒಣಗಿಸಿ ನೋಡು

ನಮ್ಮ ಅಜ್ಜಿಯರು ಹಪ್ಪಳದ ಹಿಟ್ಟಿನಿಂದ ನೀರು ತೆಗೆಯಲು ಬಿಸಿಲಿಗಿಟ್ಟರಲ್ಲ, ಅದೇ ಎರಡನೇ ದಾರಿ. ಶತ್ರು ನೀರಾದರೆ ನೀರನ್ನೇ ಓಡಿಸು. 1986ರಲ್ಲಿ ಅಮೆರಿಕದ ಎಂಐಟಿಯಲ್ಲಿ ಗೇಗಲ್ ಮತ್ತು ಬೀಮನ್ ಎಂಬ ಇಬ್ಬರು ಇದನ್ನು ಮಾಡಿ ತೋರಿಸಿದರು. ತಮಾಷೆ ಏನೆಂದರೆ ಕ್ಲಾಸ್ ಬೀಮನ್ ಐಆರ್‌ನವರಲ್ಲ, ಮಾಸ್ ಸ್ಪೆಕ್ಟ್ರೋಮೆಟ್ರಿಯ ದೊಡ್ಡ ಹೆಸರು. ಎಲ್‌ಸಿಯ ಬಾಯಿಂದ ಬರುವ ದ್ರವವನ್ನು ಬಿಸಿ ಅನಿಲದ ಜೊತೆ ತುಂತುರು ಮಾಡಿ, ನಿಧಾನವಾಗಿ ತಿರುಗುವ ಪ್ರತಿಫಲಿಸುವ ತಟ್ಟೆಯ ಮೇಲೆ ಬೀಳಿಸುವುದು. ದ್ರಾವಕ ಗಾಳಿಗೆ, ವಸ್ತು ತಟ್ಟೆಗೆ. ಜಿಲೇಬಿ ಬಿಡುವವನು ಬಾಣಲೆಗೆ ಸುತ್ತು ಹಾಕಿದಂತೆ ತಟ್ಟೆಯ ಮೇಲೆ ಒಂದು ವೃತ್ತದ ಜಾಡು ಬೀಳುತ್ತೆ. ಮೊದಲ ನಿಮಿಷದ ವಸ್ತು ಇಲ್ಲಿ, ಆರನೇ ನಿಮಿಷದ್ದು ಅಲ್ಲಿ. ಆಮೇಲೆ ಆ ಜಾಡಿನ ಉದ್ದಕ್ಕೂ ಐಆರ್ ಓಡಿಸಿದರೆ ಆಯಿತು. ಮುಂದೆ ಇದೇ ಉಪಾಯದ ಮೇಲೆ, ತಳಕ್ಕೆ ಅಲ್ಯುಮಿನಿಯಂ ಲೇಪಿಸಿದ ಜರ್ಮೇನಿಯಂ ತಟ್ಟೆಗಳಿರುವ ಯಂತ್ರಗಳು ಮಾರುಕಟ್ಟೆಗೂ ಬಂದವು.

ಲಾಭ ಎಷ್ಟು? ಅದೇ 1 ಮೈಕ್ರೋಗ್ರಾಂ ಬಣ್ಣ 1 ಚದರ ಮಿ.ಮೀ. ಜಾಗದಲ್ಲಿ ಒಣಗಿ ಕೂತಿದೆ ಅಂದುಕೊಳ್ಳಿ. ದಪ್ಪ ಹೆಚ್ಚುಕಮ್ಮಿ 1 ಮೈಕ್ರೋಮೀಟರ್. ಮೋಲಾರ್ ಹೀರುವಿಕೆ ಅದೇ 500. ಲೆಕ್ಕ ಹಾಕಿದರೆ ಹೀರುವಿಕೆ 0.1 ಬರುತ್ತೆ. ಮೊದಲಿನದು 0.000003 ಇತ್ತು. 30 ಸಾವಿರ ಪಟ್ಟಿಗೂ ಮಿಗಿಲು! ನಿಜದಲ್ಲಿ ಕಲೆ ಇಷ್ಟು ಚಿಕ್ಕದಾಗಿ ಬೀಳುವುದಿಲ್ಲ, ಹತ್ತು ಪಟ್ಟು ಹರಡಿಕೊಂಡಿತು ಅಂತಲೇ ಇಟ್ಟುಕೊಳ್ಳಿ, ಆಗಲೂ ಗೆರೆ ಸ್ಪಷ್ಟ. ನೀರಿನ ಗೆರೆಯೂ ಇಲ್ಲ, ಅವಸರವೂ ಇಲ್ಲ. ಹರಿಗೋಶದಲ್ಲಿ ಶಿಖರ ಹಾದುಹೋಗುವ 20 ಸೆಕೆಂಡಿನಲ್ಲೇ ಎಲ್ಲ ಮುಗಿಯಬೇಕು. ತಟ್ಟೆಯ ಮೇಲಿನ ಕಲೆಯನ್ನು ಚಹಾ ಕುಡಿದು ಬಂದು ಐನೂರು ಸಲ ಸ್ಕ್ಯಾನ್ ಮಾಡಬಹುದು.

ಕಷ್ಟ ಇರುವುದು ಒಣಗಿಸುವುದರಲ್ಲಿ. ಕೆಮಿಕಲ್ ಇಂಜಿನಿಯರಿಂಗ್‌ನವರೇ, ಇದು ನಿಮ್ಮ ಪಾಲು. ನೀರಿನ ಆವೀಕರಣ ಶಾಖ ಗ್ರಾಮಿಗೆ 2257 ಜೂಲ್. ನಿಮಿಷಕ್ಕೆ 1 ಗ್ರಾಂ ಓಡಿಸಬೇಕಾದರೆ ಸೆಕೆಂಡಿಗೆ ಸುಮಾರು 38 ಜೂಲ್, ಅಂದರೆ 38 ವ್ಯಾಟ್. ನಾವು ಬೋರ್ಡ್‌ಗೆ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ 25 ವ್ಯಾಟ್‌ನದು! ಅದಕ್ಕಿಂತ ಹೆಚ್ಚು ಶಾಖವನ್ನು ಒಂದು ಸಣ್ಣ ತುಂತುರಿಗೆ ಕೊಡಬೇಕು, ಆದರೆ ಅದರೊಳಗಿನ ವಸ್ತು ಸುಡಬಾರದು, ಚಿಮ್ಮಬಾರದು, ಹಬೆಯ ಜೊತೆ ತಾನೂ ಹಾರಿಹೋಗಬಾರದು. ಅಸಿಟೋನೈಟ್ರೈಲ್ ಆದರೆ ಇದರ ಕಾಲು ಭಾಗದಷ್ಟು ಸಾಕು. ಕೊಳವೆಯನ್ನು ಸಣ್ಣದು ಮಾಡುವುದು ಇನ್ನೊಂದು ಜಾಣತನ: 2.1 ಮಿ.ಮೀ. ಒಳವ್ಯಾಸದ ಕಾಲಂಗೆ ನಿಮಿಷಕ್ಕೆ 0.2 ಮಿ.ಲೀ. ಸಾಕು, ಹಾಗಾಗಿ ಎಂಟು ವ್ಯಾಟ್‌ನಲ್ಲಿ ಕೆಲಸ ಮುಗಿಯುತ್ತೆ. ಗೇಗಲ್ ಮತ್ತು ಬೀಮನ್ ಬಳಸಿದ್ದೂ ಕಿರಿದಾದ ಕಾಲಂ ಅನ್ನೇ.

ನಾವು ಮಾಡಿದ್ದು, ಕೆಡಿಸಿದ್ದು

ತಿರುಗುವ ತಟ್ಟೆಯ ಯಂತ್ರ ನಮ್ಮಲ್ಲಿ ಎಲ್ಲಿಂದ ಬರಬೇಕು? ಕೈಯಲ್ಲೇ ಮಾಡಿದೆವು. ಪರದೆಯಲ್ಲಿ ಶಿಖರ ಏಳಲು ಶುರುವಾದಾಗ ಡಿಟೆಕ್ಟರಿನ ಹೊರಗೊಳವೆಯ ಕೆಳಗೆ ಪುಟ್ಟ ಸೀಸೆ ಹಿಡಿಯುವುದು, ಇಳಿದಾಗ ತೆಗೆಯುವುದು. ಬಣ್ಣದ ವಸ್ತುವಾದ್ದರಿಂದ ಕಣ್ಣಿಗೇ ಕಾಣುತ್ತಿತ್ತು, ಅದೊಂದು ಪುಣ್ಯ. ಹನ್ನೆರಡು ಸಲ ಚುಚ್ಚಿ ಒಂದೇ ಸೀಸೆಯಲ್ಲಿ ಕೂಡಿಹಾಕಿದೆವು. ಒಂದು ಸಲಕ್ಕೆ ಸಿಗುವ ಬಣ್ಣ ಎಟಿಆರ್ ಹರಳಿಗೆ ಸಾಲದು.

ಮೊದಲ ವಾರದ ಕೆಲಸವೆಲ್ಲ ನೀರುಪಾಲು. ತಪ್ಪು ನಂದೇ. ಲ್ಯಾಬಿನಲ್ಲಿ ಆಗಲೇ ಮಾಡಿಟ್ಟಿದ್ದ ಫಾಸ್ಫೇಟ್ ಬಫರ್ ಇತ್ತಲ್ಲ, ಹೊಸದು ಮಾಡುವುದೇಕೆ ಅಂತ ಅದನ್ನೇ ಹಾಕಿದೆ. ಶಿಖರಗಳು ಸೂಜಿಯಂತೆ ಚೂಪಾಗಿ ಬಂದವು, ಕುಣಿದಾಡಿದೆವು. ಸೀಸೆ ಒಣಗಿಸಿದಾಗ ತಳದಲ್ಲಿ ಉಳಿದಿದ್ದು ತೆಳುಗುಲಾಬಿ ಬಣ್ಣದ ಬಿಳಿ ಹೆಪ್ಪು. ಫಾಸ್ಫೇಟ್ ಹಾರಿಹೋಗುವ ಉಪ್ಪಲ್ಲ. ಬಣ್ಣಕ್ಕಿಂತ ಸಾವಿರಾರು ಪಟ್ಟು ಜಾಸ್ತಿ ಉಪ್ಪು ಅಲ್ಲೇ ಕೂತಿತ್ತು. ಐಆರ್‌ನಲ್ಲಿ 1000ದಿಂದ 1100ರವರೆಗೆ ಮತ್ತೊಂದು ಗುಡ್ಡ. ಡೆಕ್ಸ್ಟ್ರೋಸ್ ಹೋಗಿ ಫಾಸ್ಫೇಟ್ ಬಂತು ಡುಂ ಡುಂ. ಗೈಡ್ ಮೇಡಂ ನಕ್ಕರು, ಅಷ್ಟೇ. ಎರಡನೇ ವಾರ ಅಮೋನಿಯಂ ಅಸಿಟೇಟ್ ಹಾಕಿದೆವು. ಅದು ನಿಧಾನವಾಗಿಯಾದರೂ ಹಬೆಯಾಗಿ ಹೋಗುತ್ತೆ. ಒಣಗಿಸಿ, ಎರಡು ಹನಿ ನೀರು ಹಾಕಿ, ಮತ್ತೆ ಒಣಗಿಸಿ ಮೂರು ಸಲ ಮಾಡಿದ ಮೇಲೆ 1560 ಮತ್ತು 1410ರಲ್ಲಿದ್ದ ಅಸಿಟೇಟ್ ಗೆರೆಗಳು ಮಂಕಾದವು. ಐಆರ್‌ಗೆ ಹೋಗುವ ಮಾದರಿಯಾದರೆ ಬಫರ್ ಹಾರುವಂಥದ್ದೇ ಇರಬೇಕು: ಅಮೋನಿಯಂ ಅಸಿಟೇಟ್, ಅಮೋನಿಯಂ ಫಾರ್ಮೇಟ್, ಫಾರ್ಮಿಕ್ ಆಮ್ಲ. ಟ್ರೈಫ್ಲೂರೋ ಅಸಿಟಿಕ್ ಆಮ್ಲವೂ ಹಾರುತ್ತೆ, ಆದರೆ ವಸ್ತುವಿಗೆ ಉಪ್ಪಾಗಿ ಅಂಟಿಕೊಂಡು 1670ರ ಹತ್ತಿರ ತನ್ನ ಹೆಸರು ಕೆತ್ತಿಬಿಡುತ್ತೆ.

ಹಳೆಯ ಕ್ರಮದಲ್ಲಿ ಪೊಟ್ಯಾಸಿಯಂ ಬ್ರೋಮೈಡ್ ಬಿಲ್ಲೆ ಮಾಡಲು ಹೋಗಿ ಒಂದಿಡೀ ಮಧ್ಯಾಹ್ನ ಕಳೆದಿದ್ದೂ ಉಂಟು. ಮಳೆಗಾಲದ ಬೆಂಗಳೂರಿನ ಗಾಳಿಯಲ್ಲಿ ಆ ಬಿಲ್ಲೆ ತೇವ ಹೀರಿ ಮೋಡದಂತಾಗುತ್ತೆ. ಎಟಿಆರ್ ಇದ್ದರೆ ಅದೇ ವಾಸಿ.

ಇನ್ನು ರೋಹಿತ ಓದುವ ಹಂತ. ರೋಡಮೈನ್-ಬಿ ಅಣುವಿನಲ್ಲಿ 28 ಕಾರ್ಬನ್, 31 ಹೈಡ್ರೋಜನ್, 2 ನೈಟ್ರೋಜನ್, 3 ಆಕ್ಸಿಜನ್, ಒಂದು ಕ್ಲೋರಿನ್. ಗಂಧಕ ಇಲ್ಲ. ಆದರೆ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್ ಈ ಮೂರೂ ಅಜೋ ಬಣ್ಣಗಳು. ನೀರಿನಲ್ಲಿ ಕರಗಲಿ ಅಂತ ಅವಕ್ಕೆ ಗಂಧಕವಿರುವ ಸಲ್ಫೋನೇಟ್ ಗುಂಪು ಅಂಟಿಸಿರುತ್ತಾರೆ. ಸಲ್ಫೋನೇಟ್ 1190 ಮತ್ತು 1040ರ ಹತ್ತಿರ ಎರಡು ಬಲವಾದ ಗೆರೆ ಕೊಡುತ್ತೆ. ಹಾಗಾಗಿ ಮೊದಲ ಪ್ರಶ್ನೆ ಇಷ್ಟೇ: ಜೋಡಿ ಗೆರೆ ಇದೆಯಾ, ಇಲ್ಲವಾ?

ಇತ್ತು. ಎರಡು ಶಿಖರಕ್ಕೂ ಇತ್ತು.

ಇದನ್ನು ಬೇರೆ ದಾರಿಯಿಂದಲೂ ಅಲುಗಾಡಿಸಿ ನೋಡಿದೆವು. ರೋಡಮೈನ್-ಬಿ ಬಾಟಲಿಗೆ ನಮ್ಮ ಕಾಲೇಜುಗಳಲ್ಲಿ ಬರವಿಲ್ಲ. ಜಿಂಕ್ ಆಕ್ಸೈಡ್ ಹಾಕಿ ಬಿಸಿಲಲ್ಲಿ ಬಣ್ಣ ಕೆಡಿಸುವ ಪ್ರಾಜೆಕ್ಟ್ ಪ್ರತಿ ವರ್ಷ ಯಾರಾದರೂ ಮಾಡೇ ಮಾಡುತ್ತಾರೆ. ಅದನ್ನು ಅದೇ ಕಾಲಂಗೆ ಬಿಟ್ಟರೆ ನಮ್ಮ ಕೆಂಪು ಶಿಖರ ಮುಗಿದು ಎಷ್ಟೋ ಹೊತ್ತಿನ ಮೇಲೆ ಬಂತು. ತೆಳು ದ್ರಾವಣದ ಮೇಲೆ ಯುವಿ ಟಾರ್ಚ್ ಬಿಟ್ಟರೆ ರೋಡಮೈನ್ ಕಿತ್ತಳೆಯಾಗಿ ಬೆಳಗುತ್ತೆ, ನಮ್ಮ ಸೀಸೆ ಮಂಕಾಗಿಯೇ ಇತ್ತು.

ಈಗ ಒಬ್ಬ ಜೂನಿಯರ್ ಕೇಳುವ ಪ್ರಶ್ನೆ: ಮಾಸ್ ಸ್ಪೆಕ್ಟ್ರೋಮೀಟರ್ ಇರುವಾಗ ಇದೆಲ್ಲ ಯಾಕೆ? ನ್ಯಾಯವಾದ ಪ್ರಶ್ನೆ. ಪ್ರಯೋಗಾಲಯಗಳು ಇವತ್ತು ಎಲ್‌ಸಿ-ಎಂಎಸ್ ಹಿಂದೆ ಹೋಗಿರುವುದು ಸುಮ್ಮನೆ ಅಲ್ಲ. ಅದು ಐಆರ್‌ಗಿಂತ ಸಾವಿರಾರು ಪಟ್ಟು ಸೂಕ್ಷ್ಮ, ನೀರಿಗೆ ಹೆದರಲ್ಲ. ಪಿಪಿಬಿ ಮಟ್ಟದ ಕಲಬೆರಕೆಗೆ ಐಆರ್ ತೆಗೆದುಕೊಂಡು ಹೋಗುವುದು ಪೆದ್ದುತನ. ಆದರೆ ಮಾಸ್ ನೋಡುವುದು ತೂಕವನ್ನು. ಒಂದೇ ತೂಕದ ಅವಳಿಗಳು ಬಂದರೆ ಬರೀ ತೂಕ ಸಾಲುವುದಿಲ್ಲ.

ಅಂಥ ಅವಳಿಗಳು ನಮ್ಮ ಈ ಕಥೆಯಲ್ಲೇ ಇದ್ದಾವೆ. ಭಾರತದಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣಗಳು ಎಂಟು, ಅವೂ ಕೆಲವೇ ತಿನಿಸುಗಳಿಗೆ ಮಿತಿಯೊಳಗೆ. ಅದರಲ್ಲಿ ಪೋನ್ಸೋ-4ಆರ್ ಎಂಬ ಕೆಂಪು ಇದೆ. ಅಮರಂತ್ ಎಂಬ ಇನ್ನೊಂದು ಕೆಂಪು ಪಟ್ಟಿಯಲ್ಲಿ ಇಲ್ಲ. ಎರಡರ ಅಣುಸೂತ್ರವೂ ಒಂದೇ, ಪರಮಾಣು ಎಣಿಸಿದರೆ ಒಂದೂ ಹೆಚ್ಚುಕಮ್ಮಿ ಇಲ್ಲ. ನ್ಯಾಫ್ತಲಿನ್ ಉಂಗುರದ ಮೇಲೆ ಎರಡು ಸಲ್ಫೋನೇಟ್ ಗುಂಪುಗಳು ಒಂದರಲ್ಲಿ 6 ಮತ್ತು 8ನೇ ಸ್ಥಾನದಲ್ಲಿ, ಇನ್ನೊಂದರಲ್ಲಿ 3 ಮತ್ತು 6ನೇ ಸ್ಥಾನದಲ್ಲಿ ಕೂತಿವೆ. ಒಂದು ಕುರ್ಚಿ ಬದಲಾಗಿದ್ದಕ್ಕೆ ಒಂದು ಕಾನೂನುಬದ್ಧ, ಇನ್ನೊಂದು ಅಪರಾಧ. ತೂಕದ ಯಂತ್ರಕ್ಕೆ ಇಬ್ಬರೂ ಒಬ್ಬರೇ. ಅಣುವನ್ನು ಒಡೆದು ಚೂರುಗಳನ್ನು ನೋಡಿದರೆ ಸುಳಿವು ಸಿಗಬಹುದು. ಐಆರ್‌ನಲ್ಲಿ 1500ರ ಕೆಳಗಿನ ಬೆರಳಚ್ಚು ವಲಯದಲ್ಲಿ ಇಬ್ಬರ ಮುಖ ಬೇರೆ ಬೇರೆ, ಏಕೆಂದರೆ ಕುರ್ಚಿ ಬದಲಾದರೆ ಇಡೀ ಉಂಗುರ ನಡುಗುವ ರೀತಿಯೇ ಬದಲಾಗುತ್ತೆ. ಐಆರ್ ಇನ್ನೂ ಬದುಕಿರುವುದು ಇಂಥ ಕಡೆ.

ಅಜೋ ಬಣ್ಣದ ಹೆಸರಿಗೆ ಕಾರಣವಾದ ನೈಟ್ರೋಜನ್-ನೈಟ್ರೋಜನ್ ಬಂಧ ಮಾತ್ರ ಐಆರ್‌ಗೆ ಸರಿಯಾಗಿ ಕಾಣುವುದಿಲ್ಲ. ಎರಡು ಕಡೆಯೂ ಒಂದೇ ಪರಮಾಣು, ಕಂಪಿಸಿದರೂ ವಿದ್ಯುತ್ ಹಂಚಿಕೆ ಹೆಚ್ಚು ಬದಲಾಗದು, ಬೆಳಕು ಹಿಡಿಯಲು ಹಿಡಿಕೆಯೇ ಇಲ್ಲ. ಅದನ್ನು ಕಾಣುವುದು ರಾಮನ್ ರೋಹಿತದಲ್ಲಿ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ವಿಕಿರಣದ ಬಗ್ಗೆ ಉಪನ್ಯಾಸ ಕೊಟ್ಟಿದ್ದು ಬೆಂಗಳೂರಿನಲ್ಲೇ, ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಆದರೆ ರೋಡಮೈನ್ ಇದ್ದರೆ ರಾಮನ್‌ಗೂ ಕಷ್ಟ. ಅದರ ಹೊಳಪಿನಲ್ಲಿ ರಾಮನ್ ಗೆರೆಗಳು ಮುಳುಗಿಹೋಗುತ್ತವೆ.

ಮೇಡಂ ಬೇರೆ ಲ್ಯಾಬಿನಿಂದ ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್, ಪೋನ್ಸೋ-4ಆರ್ ಮೂರರ ಶುದ್ಧ ಮಾದರಿ ತರಿಸಿಕೊಟ್ಟರು. ಹೊತ್ತನ್ನೂ ರೋಹಿತವನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗ ಕಿತ್ತಳೆ ಶಿಖರ ಸನ್‌ಸೆಟ್ ಯೆಲ್ಲೋಗೆ, ಕೆಂಪು ಶಿಖರ ಕಾರ್ಮೊಯಿಸಿನ್‌ಗೆ ಕೂತಿತು. ಲೈಬ್ರರಿ ಸರ್ಚ್‌ನಲ್ಲಿ ಇಷ್ಟು ಪರ್ಸೆಂಟ್ ಹೊಂದಿಕೆ ಅಂತ ಬರುತ್ತಲ್ಲ, ಅದನ್ನೇ ನಂಬಿ ರಿಪೋರ್ಟ್ ಬರೆಯಬೇಡಿ. ಲೈಬ್ರರಿ ತನ್ನ ಹತ್ತಿರ ಇರುವವರಲ್ಲಿ ಯಾರು ಹತ್ತಿರ ಅಂತ ಹೇಳುತ್ತೆ. ಅಸಲಿ ವ್ಯಕ್ತಿ ಅದರ ಪಟ್ಟಿಯಲ್ಲೇ ಇಲ್ಲದಿದ್ದರೂ ಯಾರೋ ಒಬ್ಬರ ಹೆಸರು ಹೇಳಿಯೇ ತೀರುತ್ತೆ.

ಇದು ಕಾನೂನಿನ ಪರೀಕ್ಷೆ ಅಲ್ಲ ಅನ್ನುವುದೂ ಗೊತ್ತಿರಲಿ. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಅಧಿಕಾರಿ ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕಬೇಕು, ಆಹಾರ ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು, ಒಪ್ಪದವರು ಮೇಲ್ಮನವಿ ಹಾಕಿದರೆ ಮೈಸೂರಿನ ಸಿಎಫ್‌ಟಿಆರ್‌ಐನಂಥ ರೆಫರಲ್ ಪ್ರಯೋಗಾಲಯದ ಮಾತೇ ಅಂತಿಮ. ಜೈಲು, 10 ಲಕ್ಷ ರೂಪಾಯಿವರೆಗಿನ ದಂಡದ ಪ್ರಶ್ನೆ ಇರುವ ಕಡೆ ಅರ್ಧ ಖಾಲಿ ಪೊಟ್ಟಣ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಆದರೂ ಅಣ್ಣನಿಗೆ ಹೇಳಬೇಕಿತ್ತಲ್ಲ. ಹೋಗಿ ಹೇಳಿದೆವು.

"ಹಂಗಾದ್ರೆ ಬಟ್ಟೆಗೆ ಹಾಕೋ ಬಣ್ಣ ಅಲ್ಲ ತಾನೇ?"

"ಈ ಪೊಟ್ಟಣದಲ್ಲಿ ಅದು ಕಾಣಲಿಲ್ಲ ಅಣ್ಣ. ಆದ್ರೆ ಇದನ್ನೂ ಗೋಬಿಗೆ ಹಾಕೋಹಾಗಿಲ್ಲ."

ಸ್ವಲ್ಪ ಹೊತ್ತು ಬಾಣಲೆ ನೋಡುತ್ತಾ ನಿಂತರು. "ಇದು ಹೋದ್ ತಿಂಗಳು ತಂದಿದ್ದು. ಅದಕ್ಕೂ ಮುಂಚೆ ಬೇರೆ ಅಂಗಡೀದು. ಅದರ ಪೊಟ್ಟಣ ಬಿಸಾಕ್ಬಿಟ್ಟೆ." ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಈಗ ಅವರು ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕುತ್ತಾರೆ. ಬಣ್ಣ ಪರವಾಗಿಲ್ಲ, ಖಾರವೂ ಹೆಚ್ಚಲ್ಲ. ಬ್ಯಾಡಗಿಯ ಕೆಂಪು ಕ್ಯಾಪ್ಸ್ಯಾಂತಿನ್ ಎಂಬ ಕೆರೋಟಿನಾಯ್ಡ್‌ನಿಂದ ಬರುತ್ತೆ, ಅದರಲ್ಲಿ ನೈಟ್ರೋಜನ್ನೂ ಇಲ್ಲ, ಗಂಧಕವೂ ಇಲ್ಲ. ಮೊನ್ನೆ ಪ್ಲೇಟ್ ಕೊಡುವಾಗ ಅಣ್ಣ ಒಂದು ಚಿಕ್ಕ ಕವರು ಕೈಗಿಟ್ಟರು: "ಈ ಮೆಣಸಿನ ಪುಡೀಲೂ ಏನೋ ಬೆರ್ಸ್ತಾರಂತೆ, ನೋಡಿ ಹೇಳ್ತೀಯಾ?" ಬೆರೆಸಿದ್ದರೆ ಅದು ಸೂಡಾನ್-1 ಇರಬಹುದು. ಎಣ್ಣೆಯಲ್ಲಿ ಕರಗುವ ಅಜೋ ಬಣ್ಣ, ಸಲ್ಫೋನೇಟ್ ಇಲ್ಲ. ಅಂದರೆ 1190, 1040ರ ಜೋಡಿ ಗೆರೆ ಈ ಸಲ ನಮ್ಮ ಕೈಹಿಡಿಯುವುದಿಲ್ಲ, ನೀರಿಗೆ ಬದಲು ಅಸಿಟೋನೈಟ್ರೈಲ್‌ನಲ್ಲಿ ಕರಗಿಸಬೇಕು. ಸೋಮವಾರ ಎಚ್‌ಪಿಎಲ್‌ಸಿ ಸ್ಲಾಟ್ ಸಿಕ್ಕಿದೆ. ಶಿಖರ ಬಂದಾಗ ಸೀಸೆ ಹಿಡಿಯಲು ಒಬ್ಬರು ಬೇಕು, ಆಸಕ್ತಿ ಇದ್ದವರು ಬನ್ನಿ.